ಮುಖ ಒಂದು, ಕೆಲಸ ನಾಲ್ಕು: 'ಕಂ' ಎಂಬ ಅಕ್ಷರದ ಲೆಕ್ಕ ಇಡುವವರು ಯಾರು?

ನಮ್ಮ ಕಡೆಯ ಹುದ್ದೆಗಳ ಹೆಸರಿನ ನಡುವೆ ಒಂದು ಅಕ್ಷರ ಕೂತಿರುತ್ತದೆ. 'ಕಂ'. ಪಂಚಾಯತಿನಲ್ಲಿ ಕ್ಲರ್ಕ್ ಕಂ ಡಾಟಾ ಎಂಟ್ರಿ ಆಪರೇಟರ್. ಸರ್ಕಾರಿ ಬಸ್ಸಿನಲ್ಲಿ ಚಾಲಕ ಕಂ ನಿರ್ವಾಹಕ. ಖಾಸಗಿ ಶಾಲೆಯಲ್ಲಿ ಡ್ರೈವರ್ ಕಂ ಅಟೆಂಡರ್. ಲ್ಯಾಟಿನ್ನಿನಿಂದ ಇಂಗ್ಲಿಷಿಗೆ, ಅಲ್ಲಿಂದ ನಮ್ಮ ನೇಮಕಾತಿ ಆದೇಶಕ್ಕೆ ಬಂದ ಈ ಪದಕ್ಕೆ 'ಜೊತೆಗೆ' ಎಂದಷ್ಟೇ ಅರ್ಥ. ಆದೇಶದಲ್ಲಿ ಎರಡು ಕೆಲಸ, ಹಾಜರಿಯಲ್ಲಿ ಒಂದು ಮುಖ, ಸಂಬಳದ ಪಟ್ಟಿಯಲ್ಲಿ ಒಂದು ಸಾಲು. ಎರಡನೇ ಕೆಲಸ ಎಲ್ಲಿ ಹೋಯಿತು ಎಂದು ಕೇಳಿದರೆ 'ಕಂ' ನುಂಗಿತು ಎನ್ನಬೇಕಷ್ಟೆ.

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಸುದ್ದಿ ಹುಡುಕಿಕೊಂಡು ಬೈಕಿನಲ್ಲಿ ಓಡಾಡುವ ನಾವು ಕೆಲವು ಸ್ಟ್ರಿಂಜರುಗಳು ಈ ವಿಷಯ ಬರೆಯಬೇಕು ಎಂದುಕೊಂಡು ಎರಡು ವರ್ಷ ಮುಂದೂಡಿದೆವು. ಹಾಜರಿ ಸಾಫ್ಟ್‌ವೇರ್ ಬಗ್ಗೆ ಬರೆದರೆ ಯಾರು ಓದುತ್ತಾರೆ ಎಂಬ ಅಳುಕು. ಈಗ ಅನಿಸುತ್ತಿದೆ, ಓದದೇ ಬಿಟ್ಟದ್ದರಿಂದಲೇ ಇದು ಇಲ್ಲಿಯವರೆಗೆ ಬಂತು.

ಬೈಂದೂರು ಕಡೆಯ ಒಂದು ಪಂಚಾಯತ್. ಹೆಸರು ಬೇಡ, ಬರೆದರೆ ನಾಳೆ ನೋಟಿಸ್ ಹೋಗುವುದು ಅಲ್ಲಿನ ಪಂಪ್ ಆಪರೇಟರಿಗೇ. ಬೆಳಿಗ್ಗೆ ಐದೂವರೆಗೆ ಅವರು ಪಂಪ್ ಸುರು ಮಾಡಿ, ಒಂದೊಂದೇ ವಾಲ್ವ್ ತಿರುಗಿಸುತ್ತಾ ಏಳೂವರೆಗೆ ಮುಗಿಸುತ್ತಾರೆ. ಹತ್ತು ಗಂಟೆಗೆ ಪಂಚಾಯತ್ ಕಚೇರಿಗೆ ಬಂದು ಮೊಬೈಲಿಗೆ ಮುಖ ತೋರಿಸುತ್ತಾರೆ. ಮಧ್ಯಾಹ್ನದವರೆಗೆ ಅಟೆಂಡರ್ ಕೆಲಸ. ಊಟವಾದ ಮೇಲೆ ಮನೆಮನೆಗೆ ಹೋಗಿ ನೀರಿನ ಬಿಲ್ಲು, ಮನೆ ತೆರಿಗೆ ವಸೂಲಿ. ಐದೂವರೆಗೆ ಮತ್ತೆ ಕಚೇರಿಗೆ ಬಂದು ಮುಖ ತೋರಿಸಬೇಕು. ಆರರಿಂದ ಏಳರವರೆಗೆ ಸಂಜೆಯ ನೀರು.

"ಕಾಣಿ ಮಾರಾಯ್ರೆ, ನೀರ್ ಬಿಡುದ್ ಐದೂವರೆಗೆ, ಮೊಬೈಲ್ ಏಳುದ್ ಹತ್ತ್ ಗಂಟಿಗೆ. ನಾನ್ ಮಾಡ್ದ ಕೆಲ್ಸ ಊರಿಗೆಲ್ಲ ಗೊತ್ತಿತ್, ಮೊಬೈಲಿಗ್ ಒಂದಕ್ಕೇ ಗೊತ್ತಿಲ್ಲ" ಎಂದರು ಅವರು.

ಲೆಕ್ಕ ಹಾಕಿ. ಬೆಳಿಗ್ಗೆ ಎರಡು ಗಂಟೆ, ಕಚೇರಿಯಲ್ಲಿ ಮೂರೂವರೆ, ವಸೂಲಿಗೆ ಮೂರೂವರೆ, ಸಂಜೆ ಒಂದು. ಒಟ್ಟು 10 ಗಂಟೆ. ಹಾಜರಿಯಲ್ಲಿ ಸಿಗುವುದು ಹತ್ತರಿಂದ ಐದೂವರೆ. ಊಟದ ಅರ್ಧ ಗಂಟೆ ಕಳೆದರೆ 7 ಗಂಟೆ. ದಿನಕ್ಕೆ 3 ಗಂಟೆ ಮಾಯ. ತಿಂಗಳಿಗೆ 26 ದಿನ ಹಿಡಿದರೆ 78 ಗಂಟೆ. ಎಂಟು ಗಂಟೆಯ ದಿನ ಎಂದರೆ ಹತ್ತಿರ ಹತ್ತಿರ ಹತ್ತು ದಿನದ ದುಡಿಮೆ. ಇದು ಮಳೆಗಾಲದ ಲೆಕ್ಕ. ಮಾರ್ಚ್ ಕಳೆದು, ಹೊಳೆ ಬದಿಯ ಬಾವಿಗಳ ನೀರು ಉಪ್ಪಾಗಿ, ಟ್ಯಾಂಕರ್ ಹಿಂದೆ ಓಡುವ ಕೆಲಸ ಸುರುವಾದರೆ ಇನ್ನೂ ಹೆಚ್ಚು.

ಇಲ್ಲಿ ಯಾರೂ ರಿಜಿಸ್ಟರ್ ತಿದ್ದಿಲ್ಲ, ಸುಳ್ಳು ಸಹಿ ಹಾಕಿಲ್ಲ. ಯಂತ್ರ ತನಗೆ ಹೇಳಿಕೊಟ್ಟದ್ದನ್ನು ಪ್ರಾಮಾಣಿಕವಾಗಿ ಮಾಡಿದೆ. ಈ ಮುಖ ಈ ಜಾಗದಲ್ಲಿ ಈ ಹೊತ್ತಿಗೆ ಇತ್ತೇ ಎಂದು ನೋಡು ಎಂದು ಅದಕ್ಕೆ ಹೇಳಿದ್ದಾರೆ. ಈ ಮನುಷ್ಯ ಆಗ ಯಾವ ಕೆಲಸದಲ್ಲಿದ್ದ ಎಂದು ಕೇಳಲು ಮಾತ್ರ ಹೇಳಿಕೊಟ್ಟಿಲ್ಲ. ನಮ್ಮ ಜಗಳ ಕ್ಯಾಮೆರಾದ ಜೊತೆ ಅಲ್ಲ, ಅದಕ್ಕೆ ಅರ್ಧ ಪ್ರಶ್ನೆ ಮಾತ್ರ ಕಲಿಸಿದವರ ಜೊತೆ.

ತಂತ್ರಜ್ಞಾನ ಇಲ್ಲ ಎನ್ನಬೇಡಿ

ಒಬ್ಬರಿಗೆ ಹಲವು ಕೆಲಸ ಇದ್ದಾಗ ಹೊತ್ತಿನ ಲೆಕ್ಕ ಇಡುವುದು ಹೇಗೆ ಎಂಬುದು ಜಗತ್ತಿಗೆ ಹೊಸ ಸಮಸ್ಯೆ ಅಲ್ಲ. ಆಸ್ಪತ್ರೆಯಲ್ಲಿ ಒಬ್ಬ ನರ್ಸ್ ಬೆಳಿಗ್ಗೆ ವಾರ್ಡ್, ಮಧ್ಯಾಹ್ನ ತುರ್ತು ಚಿಕಿತ್ಸೆ ಎಂದು ಬದಲಾಗುತ್ತಾ ಇರುತ್ತಾರೆ. ಅದಕ್ಕೆಂದೇ ಹಾಜರಿ ಸಾಫ್ಟ್‌ವೇರುಗಳಲ್ಲಿ ಕೆಲಸ ಬದಲಿಸುವ ಗುಂಡಿ ಇರುತ್ತದೆ. ಹಿಂದೆ ಕ್ರೋನೋಸ್ ಎಂದಿದ್ದು, 2020ರಲ್ಲಿ ಅಲ್ಟಿಮೇಟ್ ಸಾಫ್ಟ್‌ವೇರ್ ಜೊತೆ ಸೇರಿ ಯುಕೆಜಿ ಎಂದು ಹೆಸರಾದ ಅಮೆರಿಕದ ಕಂಪನಿ ಇಂಥದ್ದನ್ನೇ ಮಾರಿ ಬೆಳೆದದ್ದು.

ಅದರ ವಿಧಾನ ನಮ್ಮ ಸೊಸೈಟಿಯ ಪಾಸ್‌ಬುಕ್ಕಿನಷ್ಟೇ ಸರಳ. ಒಬ್ಬ ಮನುಷ್ಯನಿಗೆ ಒಂದೇ ನಂಬರ್. ಆ ನಂಬರಿನ ಕೆಳಗೆ ಅವರು ಮಾಡುವ ಕೆಲಸಗಳೆಲ್ಲ ಬೇರೆ ಬೇರೆ ಸಾಲು. ಪ್ರತಿ ಸಾಲಿಗೂ ಅದರದೇ ಜಾಗ, ಅದರದೇ ದರ, ಸಹಿ ಹಾಕಬೇಕಾದ ಮೇಲಿನವರು, ಆ ಜವಾಬ್ದಾರಿ ಎಂದಿನಿಂದ ಎಂದಿನವರೆಗೆ ಎಂಬ ತಾರೀಕು. ಕೆಲಸಕ್ಕೆ ಬಂದವರು ಹಾಜರಿ ಹಾಕುವಾಗ 'ಈಗ ನೀರಿನ ಕೆಲಸ' ಎಂದು ಒತ್ತುತ್ತಾರೆ. ಬದಲಾದಾಗ 'ಈಗ ವಸೂಲಿ' ಎಂದು ಒತ್ತುತ್ತಾರೆ. ಕೊನೆಗೆ ಯಂತ್ರ ಎರಡು ಲೆಕ್ಕ ಕೊಡುತ್ತದೆ: ಯಾವ ಕೆಲಸಕ್ಕೆ ಎಷ್ಟು ಹೊತ್ತು, ಮತ್ತು ಈ ಮನುಷ್ಯ ದಿನಕ್ಕೆ ಒಟ್ಟು ಎಷ್ಟು ಹೊತ್ತು ದುಡಿದರು.

ಈ ಎರಡೂ ಬೇಕು. ಒಂದು ಇದ್ದು ಇನ್ನೊಂದು ಇಲ್ಲದಿದ್ದರೆ ಮೋಸ ಬೇರೆ ಬಾಗಿಲಿನಿಂದ ಒಳಗೆ ಬರುತ್ತದೆ. ಮುಖ್ಯ ಹುದ್ದೆಯ ಸಾಲು ಮಾತ್ರ ಇಟ್ಟರೆ ಉಳಿದ ಕೆಲಸ ಪುಕ್ಕಟೆ. ಎರಡು ಕೆಲಸಕ್ಕೆ ಒಬ್ಬರಿಗೇ ಎರಡು ನಂಬರ್ ಕೊಟ್ಟರೆ ಲೆಕ್ಕದಲ್ಲಿ ಅವರು ಇಬ್ಬರು ಮನುಷ್ಯರಾಗಿಬಿಡುತ್ತಾರೆ. ಒಂದು ನಂಬರಿನಲ್ಲಿ ಆರು ಗಂಟೆ, ಇನ್ನೊಂದರಲ್ಲಿ ಐದು. ಎರಡೂ ಕಡೆ ಹೆಚ್ಚುವರಿ ದುಡಿಮೆ ಸೊನ್ನೆ. ಹನ್ನೊಂದು ಗಂಟೆ ನಿಂತ ಕಾಲಿಗೆ ಮಾತ್ರ ನೋವು ಒಂದೇ ನಂಬರಿನಲ್ಲಿ ಬರುತ್ತದೆ.

ಅಮೆರಿಕದ ಕಾರ್ಮಿಕ ನಿಯಮದಲ್ಲಿ ಒಬ್ಬರು ಒಂದೇ ವಾರದಲ್ಲಿ ಎರಡು ದರದ ಕೆಲಸ ಮಾಡಿದರೆ ಓವರ್‌ಟೈಮ್ ಲೆಕ್ಕಕ್ಕೆ ಎರಡೂ ಗಳಿಕೆ ಕೂಡಿಸಿ ಒಟ್ಟು ಗಂಟೆಯಿಂದ ಭಾಗಿಸಿ ಸರಾಸರಿ ತೆಗೆಯುತ್ತಾರೆ. ಅಲ್ಲಿಯ ಕಂಪನಿಗಳಿಗೆ ಕೆಲಸಗಾರರ ಮೇಲೆ ಪ್ರೀತಿ ಉಕ್ಕಿ ಹೀಗಾದದ್ದಲ್ಲ. ಲೆಕ್ಕ ತಪ್ಪಿದರೆ ಕೋರ್ಟಿಗೆ ಎಳೆಯುತ್ತಾರೆ ಎಂಬ ಭಯಕ್ಕೆ ಸಾಫ್ಟ್‌ವೇರ್ ಸರಿ ಇರುತ್ತದೆ. ಇಂಥ ಪ್ರೋಗ್ರಾಂ ಬರೆಯುವ ಎಷ್ಟೋ ಹುಡುಗರು ನಮ್ಮ ಕುಂದಾಪುರ, ಬ್ರಹ್ಮಾವರದ ಕಾಲೇಜುಗಳಲ್ಲೇ ಓದಿ ಬೆಂಗಳೂರಿಗೆ ಹೋದವರು. ಬುದ್ಧಿ ನಮ್ಮೂರಿನದ್ದೇ. ನಮ್ಮೂರಿಗೆ ವಾಪಸು ಬರುವುದು ಕ್ಯಾಮೆರಾ ಮಾತ್ರ.

ಕಾನೂನು 1948ರಲ್ಲೇ ಹೇಳಿದೆ

'ಹಳ್ಳಿಯಲ್ಲಿ ಇದೆಲ್ಲ ಆಗುವುದಿಲ್ಲ' ಎನ್ನುವವರಿಗೆ ಒಂದು ಮಾತು. ನಮ್ಮ ಕಾನೂನು ಇದನ್ನು ಎಪ್ಪತ್ತು ವರ್ಷಕ್ಕೂ ಹಿಂದೆ ಹೇಳಿ ಆಗಿದೆ. 1948ರ ಕನಿಷ್ಠ ವೇತನ ಕಾಯ್ದೆಯ 16ನೇ ಕಲಂ ಇದ್ದದ್ದೇ ಈ ವಿಷಯಕ್ಕೆ. ಒಬ್ಬರು ಬೇರೆ ಬೇರೆ ಕನಿಷ್ಠ ದರ ಇರುವ ಎರಡು ಅಥವಾ ಹೆಚ್ಚು ಬಗೆಯ ಕೆಲಸ ಮಾಡಿದರೆ, ಒಂದೊಂದು ಕೆಲಸಕ್ಕೆ ಹೋದ ಹೊತ್ತಿಗೆ ಆಯಾ ಕೆಲಸದ ಕನಿಷ್ಠ ದರಕ್ಕಿಂತ ಕಡಿಮೆ ಆಗದಂತೆ ಕೂಲಿ ಕೊಡಬೇಕು. 2019ರ ವೇತನ ಸಂಹಿತೆಯ 11ನೇ ಕಲಮಿನಲ್ಲೂ ಅದೇ ಮಾತು ಉಳಿದಿದೆ. ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೂ ಬಂದಿದೆ.

'ಒಂದೊಂದು ಕೆಲಸಕ್ಕೆ ಹೋದ ಹೊತ್ತು' ಎಂಬ ಮಾತನ್ನು ಇನ್ನೊಮ್ಮೆ ಓದಿ. ಆ ಹೊತ್ತನ್ನು ಬರೆದಿಡದೆ ಈ ಕಲಂ ಪಾಲಿಸುವುದು ಹೇಗೆ? ಗ್ರಾಮ ಪಂಚಾಯತ್ ನೌಕರರಿಗೆ ನಮ್ಮ ರಾಜ್ಯದಲ್ಲಿ ಕನಿಷ್ಠ ವೇತನ ಹುದ್ದೆವಾರು ನಿಗದಿಯಾಗಿದೆ. ಬಿಲ್ ಕಲೆಕ್ಟರಿಗೆ ಬೇರೆ, ನೀರು ಬಿಡುವವರಿಗೆ ಬೇರೆ. ಒಬ್ಬರೇ ಎರಡನ್ನೂ ಮಾಡುವಾಗ ಕೆಲಸವಾರು ಹೊತ್ತು ಬರೆಯದ ಹಾಜರಿ ಪದ್ಧತಿ ಅಪೂರ್ಣ ಎಂದರೆ ಸಾಲದು. ಕಾನೂನು ಪಾಲಿಸಲಿಕ್ಕೆ ಬೇಕಾದ ದಾಖಲೆಯನ್ನೇ ಅದು ಹುಟ್ಟದಂತೆ ಮಾಡುತ್ತದೆ.

ಸರ್ಕಾರಿ ನೌಕರರಿಗೂ ಹೀಗೆಯೇ. ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯಲ್ಲಿ 32ನೇ ನಿಯಮ ಸ್ವತಂತ್ರ ಪ್ರಭಾರಕ್ಕೆ, 68ನೇ ನಿಯಮ ಹೆಚ್ಚುವರಿ ಪ್ರಭಾರಕ್ಕೆ. ಹೆಚ್ಚುವರಿ ಪ್ರಭಾರಕ್ಕೆ ಭತ್ಯೆಯೂ ಉಂಟು. ಅಂದರೆ ಒಬ್ಬ ಮನುಷ್ಯ ಎರಡು ಕುರ್ಚಿ ನೋಡಿಕೊಳ್ಳಬಹುದು, ಅದಕ್ಕೆ ಲೆಕ್ಕವೂ ಇರಬೇಕು ಎಂದು ಕಾಗದದ ಕಾಲದ ಗುಮಾಸ್ತರಿಗೆ ಗೊತ್ತಿತ್ತು. ಸ್ಮಾರ್ಟ್‌ಫೋನ್ ಕಾಲದಲ್ಲಿ ಮರೆತುಹೋಯಿತು.

ಬೀಜದ ಕಾರ್ಖಾನೆಯ ಮಧ್ಯಾಹ್ನ

ಸರ್ಕಾರ ಮಾತ್ರ ಹೀಗೆ ಎಂದುಕೊಳ್ಳಬೇಡಿ. ನಮ್ಮ ಮೂರೂ ತಾಲೂಕಿನಲ್ಲಿ ಹೆಂಗಸರಿಗೆ ದೊಡ್ಡ ಆಸರೆ ಗೇರುಬೀಜದ ಕಾರ್ಖಾನೆಗಳು. ಬೀಜ ಬೇಯಿಸುವುದು, ಕಟಿಂಗ್, ಬೋರ್ಮಾದಲ್ಲಿ ಒಣಗಿಸುವುದು, ಪೀಲಿಂಗ್, ಗ್ರೇಡಿಂಗ್, ಪ್ಯಾಕಿಂಗ್ ಎಂದು ಸಾಲು ಸಾಲು ಕೆಲಸ. ಕಟಿಂಗ್, ಪೀಲಿಂಗಿಗೆ ಸಾಮಾನ್ಯವಾಗಿ ಕೆ.ಜಿ. ಲೆಕ್ಕ. ಪ್ಯಾಕಿಂಗಿನಂಥ ಕೆಲಸಕ್ಕೆ ದಿನದ ಲೆಕ್ಕ. ಬಾಗಿಲಲ್ಲಿ ಹೆಬ್ಬೆಟ್ಟು ಒತ್ತುವ ಯಂತ್ರ ಈಗ ಸಣ್ಣ ಕಾರ್ಖಾನೆಗೂ ಬಂದಿದೆ.

ಪೀಲಿಂಗ್ ಮಾಡುವ ಒಬ್ಬ ಅಕ್ಕ ನಮಗೆ ಹೇಳಿದ್ದು: ಬೆಳಿಗ್ಗೆ ಪೀಲಿಂಗ್. ಲೋಡ್ ಹೋಗುವ ದಿನ ಊಟದ ಹೊತ್ತಿಗೆ "ಪ್ಯಾಕಿಂಗಿಗೆ ಹೋಯ್ನಿ" ಎನ್ನುತ್ತಾರೆ. ಸಂಜೆ ಮಳೆ ಮೋಡ ಕಂಡರೆ ಅಂಗಳದಲ್ಲಿ ಒಣಗಿಸಿದ ಬೀಜ ಬಾಚಿ ಒಳಗೆ ಹಾಕಬೇಕು. ಹೆಬ್ಬೆಟ್ಟಿನ ಯಂತ್ರದಲ್ಲಿ ಅವರು ಎಂಟು ಗಂಟೆ ಹಾಜರು. ಸಂಬಳದ ಚೀಟಿಯಲ್ಲಿ ಬೆಳಿಗ್ಗೆ ಸುಲಿದ ಕೆ.ಜಿ. ಮಾತ್ರ. ಮಧ್ಯಾಹ್ನದ ಕೆಲಸಕ್ಕೆ ತೂಕ ಇಲ್ಲ, ಆದ್ದರಿಂದ ದುಡ್ಡೂ ಇಲ್ಲ, ಅಥವಾ ಕೈಗೆ ಬಂದಷ್ಟು ಚಿಲ್ಲರೆ. "ನಂಬ್ರ್ ಒಂದೇ ಅಲ್ದಾ, ಅದ್ರಲ್ ಪೀಲಿಂಗ್ ಅಂತ ಇತ್ತ್. ಬೇರೆ ಕೆಲ್ಸ ಅದಕ್ಕೆ ಹೇಂಗ್ ಗೊತ್ತಾಪ್ದ್?" ಎಂದರು.

ಹಾಜರಿ ಒಂದು ಪುಸ್ತಕದಲ್ಲಿ, ತೂಕ ಇನ್ನೊಂದು ಪುಸ್ತಕದಲ್ಲಿ. ಎರಡಕ್ಕೂ ಸೇತುವೆ ಇಲ್ಲ. ಸೇತುವೆ ಎಂದರೆ ಆ ಕೆಲಸ ಬದಲಿಸುವ ಗುಂಡಿಯೇ. ಮಧ್ಯಾಹ್ನ ಎರಡಕ್ಕೆ 'ಪ್ಯಾಕಿಂಗ್' ಎಂದು ದಾಖಲಾಗಿದ್ದರೆ ಆ ಮೂರು ಗಂಟೆಗೆ ಪ್ಯಾಕಿಂಗ್ ದರ ಕೊಡದೆ ಗತಿ ಇಲ್ಲ.

ಒಬ್ಬರೇ ಧಣಿಗೆ ಎರಡು ಕಾರ್ಖಾನೆ ಇದ್ದಲ್ಲಿ ಇನ್ನೊಂದು ಆಟ. ಆ ಕಡೆ ಕೆಲಸಕ್ಕೆ ಜನ ಕಡಿಮೆಯಾದರೆ ಈ ಕಡೆಯವರನ್ನು ಓಮ್ನಿಯಲ್ಲಿ ತುಂಬಿಸಿ ಕಳಿಸುವುದು. ಒಂದು ಕಾರ್ಖಾನೆಯಲ್ಲಿ ದುಡಿದವರನ್ನು ಅದೇ ದಿನ ಇನ್ನೊಂದರಲ್ಲಿ ದುಡಿಸಬಾರದು ಎಂದು 1948ರ ಕಾರ್ಖಾನೆ ಕಾಯ್ದೆಯ 60ನೇ ಕಲಂ, ನಿಯಮದಲ್ಲಿ ಹೇಳಿದ ವಿನಾಯಿತಿ ಬಿಟ್ಟು, ಹೇಳಿತ್ತು. ಎರಡು ಯಂತ್ರ, ಎರಡು ನಂಬರ್ ಇರುವಾಗ ಇದನ್ನು ಹಿಡಿಯುವವರು ಯಾರು?

ನಾಲ್ಕು ಇಲಾಖೆ, ನಾಲ್ಕು ಆ್ಯಪ್, ಒಬ್ಬ ಹೆಂಗಸು

ಪಂಚಾಯತ್ ಮತ್ತು ಕಾರ್ಖಾನೆಯಲ್ಲಿ ಕಡೇಪಕ್ಷ ಕೆಲಸ ಕೊಟ್ಟವರು ಒಬ್ಬರೇ. ಅಂಗನವಾಡಿಗೆ ಬನ್ನಿ, ಅಲ್ಲಿ ಕೆಲಸ ಹೇಳುವವರೂ ಹಲವರು. ಮಕ್ಕಳ ಹಾಜರಿ, ತೂಕ, ಎತ್ತರ, ಪೌಷ್ಟಿಕ ಆಹಾರದ ಲೆಕ್ಕ ಎಲ್ಲ 2021ರಲ್ಲಿ ಬಂದ ಪೋಷಣ್ ಟ್ರ್ಯಾಕರಿನಲ್ಲಿ. ಅದೇ ಕಾರ್ಯಕರ್ತೆ ಹಲವು ಕಡೆ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ. ಅದಕ್ಕೆ ಚುನಾವಣಾ ಆಯೋಗದ ಬೇರೆ ಆ್ಯಪ್. ಟ್ರ್ಯಾಕರ್ ಪ್ರಕಾರ ಅವರು ಕೇಂದ್ರದಲ್ಲಿರಬೇಕು. ಬಿಎಲ್‌ಒ ಕೆಲಸಕ್ಕೆ ಮನೆಮನೆಗೆ ಹೋಗಬೇಕು. ಒಂದು ಆ್ಯಪಿಗೆ ಇನ್ನೊಂದರ ಸುದ್ದಿ ಇಲ್ಲ. ಮೇಲ್ವಿಚಾರಕಿಗೆ ಕಾಣುವುದು 'ಕೇಂದ್ರದಲ್ಲಿಲ್ಲ' ಎಂಬ ಒಂದೇ ಮಾತು.

ಬಿಎಲ್‌ಒಗಳಿಗೆ ವರ್ಷಕ್ಕೆ ಇದ್ದ 6,000 ರೂಪಾಯಿ ಗೌರವಧನವನ್ನು ಆಯೋಗ 2025ರ ಆಗಸ್ಟ್‌ನಲ್ಲಿ 12,000ಕ್ಕೆ ಏರಿಸಿತು. ಒಳ್ಳೆಯದೇ. ಆದರೆ ತಿಂಗಳಿಗೆ ಸಾವಿರ ರೂಪಾಯಿ ಎಷ್ಟು ಗಂಟೆಯ ಕೆಲಸಕ್ಕೆ? ಆ ಗಂಟೆಗಳನ್ನು ಯಾರೂ ಬರೆದಿಟ್ಟಿಲ್ಲ. ಬರೆದಿಡದ ಹೊತ್ತಿಗೆ ಚೌಕಾಸಿ ಮಾಡಲಿಕ್ಕೂ ಬರುವುದಿಲ್ಲ.

ಆಶಾ ಕಾರ್ಯಕರ್ತೆಯರದ್ದು ಇದರ ತಿರುವುಮುರುವು. ಅವರ ಪ್ರೋತ್ಸಾಹಧನ ಕೆಲಸವಾರು. ಗರ್ಭಿಣಿಯ ನೋಂದಣಿ, ಲಸಿಕೆ, ಹೆರಿಗೆ ಎಂದು ಒಂದೊಂದಕ್ಕೂ ಸಾಲು ಇದೆ. ಇಲ್ಲದ್ದು ಒಟ್ಟು ಹೊತ್ತಿನ ಲೆಕ್ಕ. ರಾತ್ರಿ ಎರಡು ಗಂಟೆಗೆ ಹೆರಿಗೆಗೆ ಕುಂದಾಪುರದ ಆಸ್ಪತ್ರೆಗೆ ಹೋಗಿ ಬೆಳಗಾಗುವವರೆಗೆ ಕೂತದ್ದು ಯಾವ ಸಾಲಿನಲ್ಲೂ ಗಂಟೆಯಾಗಿ ಕಾಣುವುದಿಲ್ಲ. ಪೋರ್ಟಲಿನಲ್ಲಿ ಏರದ ಕೆಲಸಕ್ಕೆ ದುಡ್ಡೂ ಇಲ್ಲ ಎಂಬುದು ಅವರ ಹಳೆಯ ದೂರು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತು ಅವರು ಕೇಳಿದ್ದರಲ್ಲಿ ಇದೂ ಒಂದು.

ಶಾಲೆಯ ಮೇಷ್ಟ್ರದ್ದೂ ಬೇರೆ ಕತೆ ಅಲ್ಲ. 2025ರ ಸೆಪ್ಟೆಂಬರ್ 22ರಿಂದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಸುರುವಾದಾಗ ಶಿಕ್ಷಕರೇ ಗಣತಿದಾರರು. ಮುಗಿಯದೆ ಹೋದಾಗ ಸರ್ಕಾರ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಿತು. ಆಗ ಸರ್ಕಾರವೇ ಒಂದು ಸತ್ಯ ಒಪ್ಪಿಕೊಂಡ ಹಾಗಾಯಿತು: ಒಬ್ಬರೇ ಮನುಷ್ಯ ಒಂದೇ ಹೊತ್ತಿಗೆ ಎರಡು ಕೆಲಸ ಮಾಡಲು ಆಗುವುದಿಲ್ಲ. ಆ ಸತ್ಯ ಅಕ್ಟೋಬರ್ 18ಕ್ಕೇ ಮುಗಿದುಹೋಗಬೇಕೆ?

ಇನ್ನು ಗ್ರಾಮ ಆಡಳಿತಾಧಿಕಾರಿಗಳು. ಹದಿನೇಳಕ್ಕೂ ಹೆಚ್ಚು ಆ್ಯಪ್‌ಗಳಲ್ಲಿ ಕೆಲಸ ಮಾಡಿಸುತ್ತಾರೆ, ಅದಕ್ಕೆ ಮೊಬೈಲ್, ಲ್ಯಾಪ್‌ಟಾಪ್ ಕೂಡ ಕೊಟ್ಟಿಲ್ಲ ಎಂದು 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯವಿಡೀ ಮುಷ್ಕರ ಮಾಡಿದರು. 2025ರ ಫೆಬ್ರವರಿಯಲ್ಲಿ ಮತ್ತೆ ಮಾಡಿದರು. ಬೆಳೆ ಸಮೀಕ್ಷೆ, ಬಗರ್‌ಹುಕುಂ, ಪಿಂಚಣಿ, ಸರ್ಕಾರಿ ಜಾಗದ ಗಸ್ತು ಎಲ್ಲಕ್ಕೂ ಒಂದೊಂದು ಆ್ಯಪ್. ಪ್ರತಿ ಆ್ಯಪೂ ತಾನೊಂದೇ ಅವರ ಕೆಲಸ ಎಂದು ನಂಬಿಕೊಂಡಿದೆ. ಗಡುವು ಹಾಕಿದವರೂ ಹಾಗೇ ನಂಬಿದ್ದಾರೆ. ಹದಿನೇಳನ್ನೂ ಕೂಡಿಸಿದರೆ ದಿನಕ್ಕೆ ಎಷ್ಟು ಗಂಟೆ ಆಗುತ್ತದೆ ಎಂದು ತೋರಿಸುವ ಹದಿನೆಂಟನೇ ಆ್ಯಪ್ ಮಾತ್ರ ಯಾರೂ ಮಾಡಲಿಲ್ಲ.

2018ರಲ್ಲಿ ಬೈಂದೂರು, ಬ್ರಹ್ಮಾವರ ತಾಲೂಕುಗಳಾದವು. ಬೋರ್ಡು ಬೇಗ ಬಂತು, ಕುರ್ಚಿಗಳೂ ಬಂದವು. ಕುರ್ಚಿಗೆ ತಕ್ಕ ಜನ ಮಾತ್ರ ಅದೇ ವೇಗದಲ್ಲಿ ಬರಲಿಲ್ಲ. ವಾರದಲ್ಲಿ ಮೂರು ದಿನ ಅಲ್ಲಿ, ಮೂರು ದಿನ ಇಲ್ಲಿ ಎಂಬ ಪ್ರಭಾರಿಗಳನ್ನು ನಾವು ನೋಡುತ್ತಲೇ ಬಂದಿದ್ದೇವೆ. ಎರಡು ಪಂಚಾಯತ್ ನೋಡಿಕೊಳ್ಳುವ ಪಿಡಿಒ ಯಾವ ಕಚೇರಿಯ ಗೆರೆಯೊಳಗೆ ನಿಂತು ಮುಖ ತೋರಿಸಬೇಕು? ಮೊದಲನೆಯದರಲ್ಲಿ ತೋರಿಸಿದರೆ ಎರಡನೇ ಊರಿನವರು "ಸಾಹೇಬ್ರ್ ಬಪ್ಪುದೇ ಇಲ್ಲ" ಎನ್ನುತ್ತಾರೆ. ಅದನ್ನು ಸುದ್ದಿ ಮಾಡಿದವರು ನಾವೇ. 'ಕಚೇರಿಗೆ ಬಾರದ ಅಧಿಕಾರಿ, ಜನರ ಪರದಾಟ' ಎಂದು ತಲೆಬರಹ ಕೊಟ್ಟಿದ್ದೇವೆ. ಅವರ ಪ್ರಭಾರ ಆದೇಶ ನೋಡಿ ಬರೆಯಬೇಕಿತ್ತು. ಆ ತಪ್ಪು ನಮ್ಮದೂ ಹೌದು.

ಎದುರು ಮಾತುಗಳು

ಕಳ್ಳ ಹಾಜರಿ ತಡೆಯಬೇಡವೇ ಎಂದು ಮೊದಲು ಕೇಳುತ್ತಾರೆ. ಬೇಕು. ಉದ್ಯೋಗ ಖಾತ್ರಿಯಲ್ಲಿ ಬಾರದವರ ಹೆಸರಿಗೆ ಕೂಲಿ ಎತ್ತಿದ್ದನ್ನು ನಾವೇ ಬರೆದಿದ್ದೇವೆ. ಅದಕ್ಕೆಂದು ಎನ್‌ಎಂಎಂಎಸ್ ಆ್ಯಪ್ ಬಂತು. 2023ರ ಜನವರಿ 1ರಿಂದ, ವೈಯಕ್ತಿಕ ಫಲಾನುಭವಿ ಕಾಮಗಾರಿ ಬಿಟ್ಟು, ಉಳಿದ ಕಾಮಗಾರಿಗೆ ದಿನಕ್ಕೆ ಎರಡು ಫೋಟೋ ಕಡ್ಡಾಯವಾಯಿತು. ಏನಾಯಿತು? ಕಾಮಗಾರಿಗೆ ಸಂಬಂಧವೇ ಇಲ್ಲದ ಫೋಟೋ, ಫೋಟೋದ ಫೋಟೋ ಹಾಕುತ್ತಿದ್ದಾರೆ ಎಂದು 2025ರ ಜುಲೈಯಲ್ಲಿ ಕೇಂದ್ರ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆಯಬೇಕಾಯಿತು. ಫೋಟೋ ಹೊಡೆಯುವ ಕಾಯಕ ಬಂಧುವಿಗಂತೂ ಕೂಲಿಯವರನ್ನು ಸೇರಿಸುವುದು, ಅಳತೆ ಹಾಕಿಸುವುದು, ಹಾಜರಿ, ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡೆ ಹತ್ತುವುದು ಎಲ್ಲವೂ ಒಂದೇ ಸಾಲು. ಮುಖ ಎಣಿಸುವ ಯಂತ್ರಕ್ಕೆ ಕಳ್ಳನೂ ಸಿಗಲಿಲ್ಲ, ದುಡಿದವನೂ ಸಿಗಲಿಲ್ಲ.

ಕೆಲಸಗಾರರಿಗೆ ಗುಂಡಿ ಕೊಟ್ಟರೆ ಹೆಚ್ಚು ದರದ ಕೆಲಸವನ್ನೇ ಒತ್ತುತ್ತಾರೆ ಎಂದು ಧಣಿಗಳ ಮಾತು. ಅದಕ್ಕೇ ಪ್ರತಿ ಸಾಲಿಗೂ ಒಪ್ಪಿಗೆ ಹಾಕುವವರು ಬೇರೆ ಇರಬೇಕು ಎಂದದ್ದು. ಪ್ಯಾಕಿಂಗ್ ಗಂಟೆಗೆ ಪ್ಯಾಕಿಂಗ್ ಮೇಲ್ವಿಚಾರಕರು ಸಹಿ ಹಾಕಲಿ. ಹಾಕದಿದ್ದರೆ ಕಾರಣ ಬರೆಯಲಿ. ಈಗ ತಿದ್ದುವ ಅಧಿಕಾರ ಪೂರ್ತಿ ಒಂದೇ ಕಡೆ ಇದೆ, ಅದರ ಬಗ್ಗೆ ಯಾರೂ ಹೆದರುವುದಿಲ್ಲ.

ಸಣ್ಣ ಧಂದೆಯವರಿಗೆ ಖರ್ಚಾಗುತ್ತದೆ ಎಂಬುದು ಮೂರನೆಯದು. ಸಾಫ್ಟ್‌ವೇರ್ ಬೇಡ, ಒಂದು ನೋಟ್‌ಬುಕ್ ಸಾಕು. ತಾರೀಕು, ಕೆಲಸ, ಇಷ್ಟರಿಂದ ಇಷ್ಟರವರೆಗೆ, ಇಬ್ಬರ ಸಹಿ. ಕ್ಯಾಮೆರಾಕ್ಕೆ ದುಡ್ಡು ಸಿಕ್ಕಿದವರಿಗೆ ನೋಟ್‌ಬುಕ್ಕಿಗೆ ಸಿಗುವುದಿಲ್ಲವೇ?

ಕೊನೆಯದು ನಮ್ಮೂರಿನದೇ ಸ್ಪೆಷಲ್. "ನಾವೂ ಬೊಂಬಾಯಿ ಹೋಟ್ಲಂಗೆ ಲೋಟ ತೊಳ್ದ್, ಟೇಬಲ್ ಒರ್ಸಿ, ಗಲ್ಲೆ ಮೇಲ್ ಕೂತವ್ರ್. ಆಗ ಯಾರ್ ಗಂಟೆ ಲೆಕ್ಕ ಬರ್ದ್ರ್?" ಎಂದು ಹಿರಿಯ ಉದ್ಯಮಿಯೊಬ್ಬರು ನಮ್ಮನ್ನು ಗದರಿದರು. ಅವರ ಶ್ರಮಕ್ಕೆ ನಮ್ಮ ನಮಸ್ಕಾರ. ಆದರೆ ಲೋಟ ತೊಳೆದವರೆಲ್ಲ ಗಲ್ಲೆಯ ಮೇಲೆ ಕೂತರೇ? ಕೂರದೆ ಬೆನ್ನುನೋವು ಹೊತ್ತು ಊರಿಗೆ ಬಂದವರ ಮನೆಗಳೂ ನಮಗೆ ಗೊತ್ತು. ಗಂಟೆ ಯಾರೂ ಬರೆಯಲಿಲ್ಲ, ಅದಕ್ಕೇ ಅವರ ಕೈಯಲ್ಲಿ ತೋರಿಸಲಿಕ್ಕೆ ಒಂದು ಕಾಗದವೂ ಇಲ್ಲ.

ಹಲವು ಕೆಲಸ ಮಾಡುವುದು ನಮ್ಮ ನೆಲಕ್ಕೆ ಅವಮಾನ ಅಲ್ಲ. ಮಳೆಗಾಲದಲ್ಲಿ ಗದ್ದೆ, ಉಳಿದ ದಿನ ಬೇರೆ ದುಡಿಮೆ ಎಂದು ಬದುಕಿದವರು ನಾವು. ಆಟದ ಮೇಳದಲ್ಲಿ ಒಬ್ಬರೇ ಕಲಾವಿದರು ಒಂದೇ ರಾತ್ರಿ ಎರಡು ವೇಷ ಮಾಡುವುದುಂಟು. ಆದರೆ ಮೊದಲ ವೇಷ ಕಳಚಿ ಎರಡನೆಯದು ಕಟ್ಟಲು ಚೌಕಿಯಲ್ಲಿ ಹೊತ್ತು ಕೊಡುತ್ತಾರೆ. ಎರಡೂ ಕಿರೀಟ ಒಟ್ಟಿಗೆ ಹೊತ್ತು ರಂಗಸ್ಥಳಕ್ಕೆ ಬನ್ನಿ ಎಂದು ಯಾವ ಭಾಗವತರೂ ಹೇಳಿಲ್ಲ.

ನಮ್ಮ ಚೀಟಿಯೂ ಖಾಲಿ

ಇಷ್ಟೆಲ್ಲ ಬರೆದ ನಮ್ಮ ಹಾಜರಿ ಎಲ್ಲಿದೆ? ನಮಗೆ ಕೆಲಸ ಕೊಟ್ಟ ಸಂಸ್ಥೆಗಳ ಹೆಸರು ಇಲ್ಲಿ ಬೇಡ. ಬೆಳಿಗ್ಗೆ ವರದಿ, ಅದೇ ಜಾಗದಲ್ಲಿ ಫೋಟೋ, ವೆಬ್‌ಸೈಟಿಗೆ ಅರ್ಧ ಗಂಟೆಯೊಳಗೆ ನಾಲ್ಕು ಸಾಲು, ಫೇಸ್‌ಬುಕ್ಕಿಗೆ ವಿಡಿಯೋ, ಹಬ್ಬಕ್ಕೆ ಜಾಹೀರಾತು ಸಂಗ್ರಹ, ತಿಂಗಳ ಕೊನೆಗೆ ಏಜೆಂಟರ ಬಾಕಿ ವಸೂಲಿ. ಆರು ಕೆಲಸ, ದುಡ್ಡು ಅಚ್ಚಾದ ಸುದ್ದಿಗೆ ಮಾತ್ರ. ಕಾರ್ಯನಿರತ ಪತ್ರಕರ್ತರನ್ನು ನಾಲ್ಕು ವಾರದಲ್ಲಿ 144 ಗಂಟೆಗಿಂತ ಹೆಚ್ಚು ದುಡಿಸಬಾರದು ಎಂದು 1955ರ ಕಾಯ್ದೆಯಲ್ಲಿ ಓದಿ ಪರೀಕ್ಷೆ ಬರೆದು ಪಾಸಾದವರು ನಾವು. ನಮ್ಮ 144 ಎಷ್ಟನೇ ದಿನಕ್ಕೆ ಮುಗಿಯುತ್ತದೆ ಎಂದು ಗೊತ್ತಿಲ್ಲ, ಏಕೆಂದರೆ ನಾವೂ ಬರೆದಿಟ್ಟಿಲ್ಲ. ಈ ತಿಂಗಳಿನಿಂದ ನೋಟ್‌ಬುಕ್ ಸುರು ಮಾಡಿದ್ದೇವೆ. ನೀವೂ ಮಾಡಿ.

ನಮ್ಮ ಬೇಡಿಕೆ ದೊಡ್ಡದಲ್ಲ. ಒಬ್ಬರಿಗೆ ಒಂದೇ ನಂಬರ್ ಇರಲಿ, ಅದರ ಕೆಳಗೆ ಅವರ ಎಲ್ಲ ಕೆಲಸಗಳ ಸಾಲೂ ಇರಲಿ. ಬಾಯಿಮಾತಿನ 'ಇದನ್ನೂ ಸ್ವಲ್ಪ ನೋಡ್ಕೊಳ್ಳಿ' ನಿಲ್ಲಲಿ. ಹೆಚ್ಚುವರಿ ಕೆಲಸಕ್ಕೆ ತಾರೀಕು ಹಾಕಿದ ಆದೇಶ ಬರಲಿ. ಕಚೇರಿಯ ಹೊರಗಿನ ಕೆಲಸಕ್ಕೆ ಆ ಕೆಲಸದ ಜಾಗದಲ್ಲೇ ಹಾಜರಿ ಹಾಕಲು ಬರಲಿ. ಎರಡು ಕೆಲಸದ ಹೊತ್ತು ಒಂದರ ಮೇಲೊಂದು ಬಿದ್ದರೆ ಯಂತ್ರ ಒಂದನ್ನು ಸದ್ದಿಲ್ಲದೆ ಅಳಿಸದೆ, ಎರಡೂ ಮೇಲಿನವರಿಗೆ ತೋರಿಸಲಿ. ತಿಂಗಳ ಕೊನೆಗೆ ಕೆಲಸವಾರು ಗಂಟೆ ಮತ್ತು ಒಟ್ಟು ಗಂಟೆ ಇರುವ ಚೀಟಿ ದುಡಿದವರ ಕೈಗೆ ಕನ್ನಡದಲ್ಲಿ ಸಿಗಲಿ.

ಮುಂದಿನ ಗ್ರಾಮಸಭೆಗೆ ಹೋದಾಗ ರಸ್ತೆ, ಬೀದಿದೀಪ ಕೇಳಿ ಆದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: "ನಮ್ಮ ಪಂಪ್ ಆಪರೇಟರ್ ಬೆಳಿಗ್ಗೆ ಐದೂವರೆಗೆ ಮಾಡುವ ಕೆಲಸ ಯಾವ ಹಾಜರಿಯಲ್ಲಿದೆ?" ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ, ಪ್ರಭಾರ ಆದೇಶ ಮತ್ತು ಹಾಜರಿ ವರದಿ ಎರಡನ್ನೂ ಒಟ್ಟಿಗೆ ಕೇಳಿ, ಪಕ್ಕಪಕ್ಕ ಇಟ್ಟು ನೋಡಿ. ಸಿಕ್ಕಿದ್ದನ್ನು ನಮಗೆ ಕಳಿಸಿ. ಸುದ್ದಿ ಮಾಡುತ್ತೇವೆ. ಅದಕ್ಕೆ ನಮಗೆ ದುಡ್ಡು ಬರುತ್ತದೋ ಇಲ್ಲವೋ ಬೇರೆ ಮಾತು, ಹೋದ ಹೊತ್ತನ್ನಂತೂ ಈ ಸಲ ಬರೆದಿಡುತ್ತೇವೆ.